ಮೆಂತ್ಯದ ಪಾತಿಯ ಬಂದೂಕು

ರವಿಶಂಕರ: ಅಪ್ಪಾ, ಆ ಬಂದೂಕಿನ ತುಕ್ಕು ತಗೀಬ್ಯಾಡ ಅಂತ ಎಷ್ಟ ಸಲ ಹೇಳೇನಿ! ಇತಿಹಾಸ ಇರೋದೇ ತುಕ್ಕಿನಾಗ!

ಗುರುಲಿಂಗಪ್ಪ: ಇವತ್ತ ಆಯುಧ ಪೂಜಾ ಅದನೋ. ತುಕ್ಕ ಹಿಡದದ್ದಕ್ಕ ಯಾರರೆ ಕುಂಕುಮ ಹಚ್ಚತಾರೇನು? ಹುಣಸಿಹಣ್ಣು, ಉಪ್ಪು ಹಾಕಿ ತಿಕ್ಕೇನಿ. ನೋಡು, ಹೆಂಗ ಮಾರಿ ಕಾಣಾಕತ್ತೇತಿ.

ಸುಚೇತಾ: ಮಾವ, ಅದು ಸಾರಿಗೆ ಅಂತ ನೆನೆಹಾಕಿದ್ದ ಹುಣಸೆಹಣ್ಣು!

ರವಿಶಂಕರ ತಲೆಯ ಮೇಲೆ ಕೈಹೊತ್ತು ಸಿಂಕಿನ ಮುಂದೆ ನಿಂತ. ಪರದೇಶದ ಪ್ಲಿಮತ್ ಎಂಬ ಊರಿನಲ್ಲಿ ಈ ಹಳೆಯ ಮನೆ ಕೊಂಡಾಗಿನಿಂದ, ಎರಡು ವರ್ಷ ಪ್ರತಿ ಶನಿವಾರ ಮೆಟಲ್ ಡಿಟೆಕ್ಟರ್ ಹಿಡಿದು ಊರೆಲ್ಲ ಅಲೆದು ಅವನು ಸಂಪಾದಿಸಿದ್ದು ಬಿಯರ್ ಮುಚ್ಚಳ, ಮೊಳೆ, ಒಂದು ಸೊಟ್ಟ ಚಮಚ. ನಿನ್ನೆ ತನ್ನದೇ ಹಿತ್ತಲಿನಲ್ಲಿ, ಹೆಂಡತಿ ಸುಚೇತಾಳ ಮೆಂತ್ಯದ ಪಾತಿಯನ್ನು ಮೊಣಕಾಲುದ್ದ ಅಗೆದಾಗ ಈ ಬಂದೂಕು ಸಿಕ್ಕಿತು. ಸಿಕ್ಕಿದ್ದೇ ತಡ, 'ಇನ್ನೂರು ವರ್ಷ ಹಿಂದಿನ ಯುದ್ಧದ ಬಂದೂಕು' ಎಂದು ಕನ್ನಡ ಕೂಟದ ಗ್ರೂಪಿಗೆ ಫೋಟೊ ಹಾಕಿಬಿಟ್ಟ ಪುಣ್ಯಾತ್ಮ. ಸಂಜೆ ನಾಲ್ಕಕ್ಕೆ ಅದನ್ನು ನೋಡಲು ಮೂವತ್ತು ಜನ ಬರುತ್ತಾರೆ. ಹತ್ತು ನಿಮಿಷ ಭಾಷಣ ಮಾಡಬೇಕೆಂದು ಕೂಟದ ಅಧ್ಯಕ್ಷ ಕೃಷ್ಣಮೂರ್ತಿಯವರ ಅಪ್ಪಣೆಯೂ ಆಗಿತ್ತು. ಬಂದೂಕು ಯುದ್ಧದ್ದಲ್ಲ ಎಂದಾದರೆ ಮಾನ ಹರಾಜು.

ಸುಚೇತಾ: ಒಳಗೆ ಗುಂಡಿದ್ರೆ ಏನ್ ಗತಿ? ಪೊಲೀಸ್‌ಗೆ ಫೋನ್ ಮಾಡಿ ಅಂತ ನಿನ್ನೆಯಿಂದ ಬಡ್ಕೋತಿದೀನಿ.

ಗುರುಲಿಂಗಪ್ಪ: ಯಾಕವಾ, ನಾ ಇಲ್ಲೇನು? ಗದಗಿನಾಗ ಹದಿನೆಂಟು ವರ್ಷ ಎನ್‌ಸಿಸಿ ಮಾಸ್ತರಕಿ ಮಾಡೇನಿ. ಕಡ್ಡಿ ಹಾಕಿ ನೋಡೇನಿ, ಒಳಗ ಬರೇ ಮಣ್ಣು. ಆದ್ರ ರವೀ, ಈ ನಳಿಗಿ ಭಾಳ ಸಣ್ಣದೈತಲ್ಲೋ. ಕೊತ್ತಂಬರಿ ಕಾಳು ಹೊಕ್ಕರ ಹೆಚ್ಚು.

ರವಿಶಂಕರ: ಆಗಿನ ಕಾಲದಾಗ ಗುಂಡು ಸಣ್ಣೂವಿದ್ವು.

ಸುಚೇತಾ: ಶತ್ರುಗಳೂ ಸಣ್ಣೋರಿದ್ರಾ? ಆ ಟ್ರಿಗರ್ ಒಳಗೆ ನಿಮ್ಮ ಬೆರಳೇ ಹೋಗ್ತಿಲ್ಲ.

ರವಿಶಂಕರ: ನನ್ನ ಬೆರಳು ದಪ್ಪ.

ಸುಚೇತಾ: ಕೇಳಿಸ್ಕೊಳ್ಳಿ. ಇದೂ ಕಸ ಅಂತ ಗೊತ್ತಾದ್ರೆ, ಅದೇ ಗುಂಡೀಲಿ ನಿಮ್ಮ ಡಿಟೆಕ್ಟರ್ ಹೂತು ಮೇಲೆ ಮೆಂತ್ಯ ಬಿತ್ತೀನಿ.

ಗುರುಲಿಂಗಪ್ಪನವರು ಬಂದೂಕನ್ನು ಒರೆಸಿ, ಎರಡು ಕಾರಿನ ಕೀಲಿ, ಲ್ಯಾಪ್‌ಟಾಪು, ಮಿಕ್ಸಿಯ ಜಾರುಗಳ ನಡುವೆ ಮಲಗಿಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದರು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ವಾಲ್ಟ್, ಎಂಬತ್ತು ದಾಟಿದ ಮುದುಕ. ಪೂಜೆಗೆ ಒಡೆಯಲು ಸುಚೇತಾ ಕೇಳಿದ್ದ ಕುಂಬಳಕಾಯಿಯನ್ನು ತನ್ನ ತೋಟದಿಂದ ಹೊತ್ತು ತಂದಿದ್ದ. ಬಂದೂಕು ಕಂಡದ್ದೇ ಕುಂಬಳಕಾಯಿಯನ್ನು ಕುರ್ಚಿಯ ಮೇಲಿಟ್ಟು, ಟೋಪಿ ತೆಗೆದು, ಇಂಗ್ಲಿಷಿನಲ್ಲಿ ಗಡಗಡನೆ ಏನೇನೋ ಹೇಳತೊಡಗಿದ. ರವಿಶಂಕರನ ಮುಖ ಇಳಿಯುತ್ತಾ ಬಂತು.

ಗುರುಲಿಂಗಪ್ಪ: ಏನಂತಾನೋ?

ರವಿಶಂಕರ: ಭಾಳ ಹಳೇದಂತ.

ಸುಚೇತಾ: ಪೂರ್ತಿ ಹೇಳ್ರೀ.

ರವಿಶಂಕರ: ...ಈ ಊರಾಗ ಹಿಂದ ಮಕ್ಕಳ ಗಾಳಿ ಬಂದೂಕು ಮಾಡೋ ಫ್ಯಾಕ್ಟರಿ ಇತ್ತಂತ. ಇದು ಅಲ್ಲೀದಂತ.

ಸುಚೇತಾ: ಇನ್ನೂ?

ರವಿಶಂಕರ: ಇವನದೇ ಅಂತ! ಒಂಬತ್ತು ವರ್ಷದಾಂವ ಇದ್ದಾಗಿಂದು. ಈ ಮನಿ ಇವರಪ್ಪನೇ ಕಟ್ಟಿಸಿದ್ದು. ಈ ಸಿಂಕಿನ ಮುಂದಿನ ಕಿಟಕಿ ಗಾಜು ಒಡದನಂತ. ಅವತ್ತ ಅವರವ್ವ ಬಂದೂಕು ಕಸಗೊಂಡು ಎಲ್ಲೋ ಬಚ್ಚಿಟ್ಟಾಳ. ಸಾಯೋತನಕ ಬಾಯಿ ಬಿಡಲಿಲ್ಲಂತ.

ವಾಲ್ಟ್ ಕೈ ಚಾಚಿದ. ಕುಂಕುಮ ಕಂಡು ಹಿಂದೆ ತೆಗೆದ. ಮುಟ್ಟಬಹುದೇ ಎಂದು ಕೇಳಿದ. ಅವನ ಕಣ್ಣು ತುಂಬಿತ್ತು.

ಗುರುಲಿಂಗಪ್ಪ: ಮುಟ್ಟಲಿ, ಒಯ್ಯಲಿ. ಆದ್ರ ಪೂಜಾ ಮುಗದ ಮ್ಯಾಲೆ. ಎಪ್ಪತ್ತು ವರ್ಷ ಕಾದಾನ, ಇನ್ನೆರಡು ತಾಸು ಕಾಯಲಿ. ಕುಂದರಸು ಅವಗ.

ರವಿಶಂಕರ: ಅಪ್ಪಾ, ಆ ಮೂವತ್ತು ಮಂದಿಗೆ ಏನ್ ಹೇಳ್ಲಿ? ಯುದ್ಧದ ಬಂದೂಕು ಅಂದೇನಿ!

ಸುಚೇತಾ: ಸುಳ್ಳೇನ್ ಹೇಳಿದೀರಿ? ಯುದ್ಧ ಆಗಿರೋದು ನಿಜ. ಗೆದ್ದಿದ್ದು ಅವರಮ್ಮ. ಸೋತೋರು ಇಲ್ಲೇ ಕೂತಿದಾರೆ, ಭಾಷಣ ಅವರ ಕೈಲೇ ಮಾಡ್ಸಿ.

ರವಿಶಂಕರನಿಗೆ ಹೋದ ಜೀವ ಬಂದಂತಾಯಿತು. ಅದು ಬಹಳ ಹೊತ್ತು ಉಳಿಯಲಿಲ್ಲ.

ಸುಚೇತಾ: ಪುಣ್ಯಾತ್ಗಿತ್ತಿ ಜಾಗ ಚೆನ್ನಾಗೇ ಆರಿಸಿದಾರೆ. ಎಪ್ಪತ್ತು ವರ್ಷ ಯಾರ ಕೈಗೂ ಸಿಕ್ಕಿಲ್ಲ. ಗುಂಡಿ ಇನ್ನೂ ಮುಚ್ಚಿಲ್ಲ. ಕೊಡಿ ಇಲ್ಲಿ, ಆ ಡಿಟೆಕ್ಟರ್.

ರವಿಶಂಕರ ಬಾಗಿಲ ಹಿಂದೆ ಒರಗಿಸಿದ್ದ ಡಿಟೆಕ್ಟರನ್ನು ಎದೆಗವಚಿಕೊಂಡ.

ರವಿಶಂಕರ: ಹೂಳವಾ, ಹೂಳು. ಆದ್ರ ಮೊದಲ ಇನ್ನೊಂದು ಕೊಡಸು. ಇದನ್ನ ಹುಡುಕಾಕ ಬೇಕಾಗ್ತದಲ್ಲ!