ಹದಿನೇಳನೆಯ ದಿನಕ್ಕೇ ಕಾವು ಬಿಟ್ಟೆದ್ದ ಕೆಂಪು ಹೇಂಟೆಯವರಿಗೆ

ಶ್ರೀಮತಿ ಕೆಂಪು ಹೇಂಟೆಯವರ ಸನ್ನಿಧಿಗೆ,
ನೀರಿನ ಟಾಕಿಯ ಪಕ್ಕದ ಬುಟ್ಟಿ, ನಮ್ಮ ಹಿತ್ತಲು, ಜೇವರ್ಗಿ.

ಮಾನ್ಯರೇ,

ತಾವು ಎಂಟು ಗೌಜಲ ಮರಿಗಳೊಡನೆ ತಿಪ್ಪೆ ಕೆದರುತ್ತಿರುವುದನ್ನು ಅಡುಗೆಮನೆಯ ಕಿಟಕಿಯಿಂದ ಕಣ್ಣಾರೆ ಕಾಣುತ್ತಲೇ ಈ ಪತ್ರ ಬರೆಯುತ್ತಿರುವುದರಿಂದ, ಕ್ಷೇಮ ವಿಚಾರಿಸುವ ಶಾಸ್ತ್ರವನ್ನು ಬಿಟ್ಟಿದ್ದೇನೆ. ಮನ್ನಿಸಬೇಕು.

ನಾವು ಸಾಕಿದ ಗೌಜಲಹಕ್ಕಿಗಳು ಮೊಟ್ಟೆ ಇಡುವುದರಲ್ಲಿ ಜಾಣೆಯರು. ಕಾವು ಕೂರುವ ಮಾತು ಬಂದರೆ ಮಾತ್ರ ದೊಡ್ಡ ಮನೆತನದವರು, ಇಟ್ಟದ್ದನ್ನು ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಅವುಗಳ ಹನ್ನೆರಡು ಮೊಟ್ಟೆಗಳನ್ನು ತಮ್ಮ ಕೆಳಗಿಟ್ಟೆ. ಅದೇ ದಿನ ಅದೇ ಬುಟ್ಟಿಯಲ್ಲಿ, ಕಿಣ್ಣಿ ಸುಲ್ತಾನದಿಂದ ನಮ್ಮವ್ವ ಮಾಳಮ್ಮ ಜೋಳದ ಡಬ್ಬಿಯೊಳಗೆ ಹುಗಿದು ಬಸ್ಸಿಗೆ ಕೊಟ್ಟು ಕಳಿಸಿದ್ದ ಒಂಬತ್ತು ಕೋಳಿಮೊಟ್ಟೆಗಳನ್ನೂ ಇಟ್ಟೆ. ನಾನು ಹುಟ್ಟುವ ಮೊದಲಿನಿಂದ ಅವ್ವನ ಅಂಗಳದಲ್ಲಿ ನಡೆದುಬಂದ ಬೋಳುಕತ್ತಿನ ತಳಿ ಅದು. ಮೂರೇ ದಿನಕ್ಕೆ ಮುಂಗುಸಿ, ಆ ಮೊಟ್ಟೆಗಳನ್ನಿಟ್ಟಿದ್ದ ಅವ್ವನ ಕಟ್ಟಕಡೆಯ ಮುದಿ ಕೋಳಿಯನ್ನು ಹೊತ್ತೊಯ್ದಿತು. ಅಂದಿನಿಂದ ಆ ತಳಿಯೆಲ್ಲ ಉಳಿದದ್ದು ತಮ್ಮ ಹೊಟ್ಟೆಯಡಿಯಲ್ಲೇ.

ಗೌಜಲ ಮರಿಗೆ ಹದಿನೇಳು ದಿನ ಸಾಕು, ಕೋಳಿಮರಿಗೆ ಇಪ್ಪತ್ತೊಂದು ಬೇಕು. ಇದು ತಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಕೋಳಿಮೊಟ್ಟೆಗಳನ್ನು ನಾಲ್ಕು ದಿನ ಮೊದಲೇ ಇಡಬೇಕೆಂದು ಹೊಳೆಯದ ನಾನು ಈಗ ದೂರುದಾರಳು, ತಾವು ಆರೋಪಿ. ಅಕ್ಷರ ಕಲಿತದ್ದರ ಲಾಭವೇ ಇದು.

ಮೊದಲ ಚಿಂವ್ ಚಿಂವ್ ಕೇಳಿದೊಡನೆ ಒಂಬತ್ತನ್ನೂ ಅಲ್ಲೇ ಬಿಟ್ಟು ಎದ್ದ ತಮ್ಮ ಸಮಯಪ್ರಜ್ಞೆ, ಐದು ಗಂಟೆಗೆ ಹತ್ತು ನಿಮಿಷವಿರುವಾಗಲೇ ಚೀಲ ಹೆಗಲಿಗೇರಿಸುವ ಎಲ್ಲ ಗುಮಾಸ್ತರಿಗೂ ಆದರ್ಶವಾಗಲಿ. ತಮ್ಮನ್ನು ಹಿಡಿದು ಮತ್ತೆ ಕೂಡಿಸಲು ಬಂದ ನನ್ನ ಯಜಮಾನರು ಅಜಯಕುಮಾರ, ತಾವು ಕುಕ್ಕಿದ ಕೈಗೆ ಉಫ್ ಎಂದು ಊದಿಕೊಳ್ಳುತ್ತ, “ಅದರ ಬಾಣಂತನ ಮುಗದದ, ಬಿಡ ಇನ್ನ” ಎಂದು ತೀರ್ಪು ಕೊಟ್ಟರು. ಅಷ್ಟರಲ್ಲೇ ಅವ್ವನ ಫೋನು: “ಎಷ್ಟ್ ಮರಿ ಆಗ್ಯಾವ ಬೇ?” ತಾವು ನನ್ನೆದುರೇ ಅಡ್ಡಾಡುತ್ತಿದ್ದಿರಿ. “ಕೋಳಿ ಇನ್ನಾ ಕುಂತದ ಯವ್ವಾ” ಎಂದೆ. ಅವ್ವನಿಗೆ ನಾನು ಹೇಳಿದ ಮೊದಲ ಸುಳ್ಳೇನಲ್ಲ. ಆದರೆ ಹೇಳಿ ಅತ್ತದ್ದು ಇದೊಂದಕ್ಕೇ.

ಹುಟ್ಟಿದ ಮರಿಗಳನ್ನು ಮತ್ತೆ ಚಿಪ್ಪಿನೊಳಗೆ ಕಳಿಸಿ, ಇನ್ನೂ ನಾಲ್ಕು ದಿನ ಕೂರಬೇಕೆಂದು ಕೋರುವ ಮನಸ್ಸಿತ್ತು. ತಮಗೆ ಪುರುಸೊತ್ತಿಲ್ಲವೆಂದು ತಿಳಿದು, ಮೊಟ್ಟೆಗಳನ್ನು ಬಲ್ಬಿನ ಕೆಳಗಿಟ್ಟು ನಾನೇ ಹೊರಳಿಸುತ್ತ ಕೂತೆ. ಎಂಟು ಮೊಟ್ಟೆ ಮಾತಾಡಲಿಲ್ಲ. ಇಂದು ಬೆಳಿಗ್ಗೆ ಒಂದು ಒಡೆಯಿತು. ಬೋಳು ಕತ್ತಿನ ಒಂದೇ ಒಂದು ಮರಿ, ಒದ್ದೆಯಾಗಿ, ಬದುಕಿದೆ.

ಬಲ್ಬು ಬೆಚ್ಚಗಿಡಬಲ್ಲದು, ಕಾಳು ಹೆಕ್ಕಲು ಕಲಿಸಲಾರದು. ಆದ್ದರಿಂದ ಇಂದು ಮುಸ್ಸಂಜೆ ತಾವು ಕಣ್ಣು ಮುಚ್ಚಿದಾಗ ಈ ಮರಿಯನ್ನು ಮೆಲ್ಲಗೆ ತಮ್ಮ ರೆಕ್ಕೆಯಡಿ ಸೇರಿಸುತ್ತೇನೆ. ಬೆಳಿಗ್ಗೆ ಎಂಟು ಮರಿ ಒಂಬತ್ತಾಗಿದ್ದರೆ ದಯವಿಟ್ಟು ಎಣಿಸಬೇಡಿ.

ಇಂತು, ತಮ್ಮ ಕೊಕ್ಕಿಗೆ ಅಂಜುತ್ತಲೇ ತಮ್ಮ ವಿಶ್ವಾಸಿ,
ಪಂಚಶೀಲಾ

ತಾ.ಕ.: ಮರಿಯನ್ನು ಕುಕ್ಕಿ ಓಡಿಸುವ ವಿಚಾರವಿದ್ದರೆ ಒಂದು ಮಾತು. ಭಾನುವಾರ ಅವ್ವ ಬರುತ್ತಾಳೆ. ಅವಳ ಮುಂದೆ ಒಂದು ಕೋಳಿಯನ್ನಾದರೂ ನಾನು ಇಡಲೇಬೇಕು. ಅಂಗಳದಲ್ಲೋ ತಾಟಿನಲ್ಲೋ, ಆಯ್ಕೆ ತಮ್ಮದು.