ಬೇಡದ ಬಾಲ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮಂಗಳವಾರ, ಒಬ್ಬ ದರ್ಜಿ ಇದ್ದ. ರಾಜಕುಮಾರಿಗಾಗಿ ಏಳು ಸಮುದ್ರ ದಾಟುವ ಕಷ್ಟ ಅವನಿಗಿರಲಿಲ್ಲ. ಎರಡಕ್ಷರ ದಾಟಿದರೆ ಸಾಕಿತ್ತು. ಆದರೆ ಅವನ ನಾಲಿಗೆಯೋ, ಮೊದಲ ಅಕ್ಷರದ ಹೊಸ್ತಿಲಲ್ಲೇ ಮಂಡಿಯೂರುವ ಮೊಂಡು ಕತ್ತೆ.

"ನಿಮ್ಮ ದೊಡ್ಡಮ್ಮ ನೋಡಿರೋ ಹುಡುಗಿ ಬೇಡ ಅಂತ ಇವತ್ತೇ ಹೇಳ್ಬೇಕು. ಚೀಟಿಗೀಟಿ ಬರೆದುಕೊಟ್ರೆ ನಾನೊಪ್ಪಲ್ಲ, ಬಾಯಲ್ಲೇ ಹೇಳ್ಬೇಕು," ಎಂದಿದ್ದಳು ಔಷಧಿ ಅಂಗಡಿಯ ಹುಡುಗಿ. ಅವನ ಮಾತು ಮುಗಿಯುವ ತನಕ ಕಾಯುವವಳು ಇಡೀ ಬೀದಿಯಲ್ಲಿ ಅವಳೊಬ್ಬಳೇ. ಅವಳನ್ನು ಕಳೆದುಕೊಂಡರೆ ಅವನಿಗೆ ಉಳಿಯುವುದು ಬರೀ ಕತ್ತರಿ. ಹೇಳಿಯೇ ತೀರುತ್ತೇನೆಂದು ಮಾತು ಕೊಟ್ಟಿದ್ದ.

ಬೆಳಗ್ಗೆಯೇ ದೊಡ್ಡಮ್ಮ ಅಂಗಡಿಗೆ ಬಂದಳು. "ಏನಪ್ಪಾ, ಹುಡುಗಿ ಕಡೆಯೋರಿಗೆ ಏನು ಹೇಳಲಿ?"

"ಬೇ... ಬೇ... ಬೇ..."

ಪಕ್ಕದ ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ನೆರವಿಗೆ ಧಾವಿಸಿದ. "ಬೇಕಂತೆ ಅಮ್ಮಾ!"

ದರ್ಜಿ ಜೋರಾಗಿ ತಲೆ ಕೊಡವಿದ.

"ನೋಡಿ, ನಾಚ್ಕೋತಾನೆ!"

ಕಷ್ಟದ ಪದ ಎದುರಾದರೆ ಪಕ್ಕದ ಓಣಿಯಲ್ಲಿ ನುಸುಳುವುದು ಅವನ ಹಳೆಯ ಉಪಾಯ. 'ಒಲ್ಲೆ' ಎನ್ನಲು ಹೊರಟ. "ಒ... ಒಲ್... ಒಲ್..."

"ಒಳ್ಳೆ ಹುಡುಗಿ ಅಂತೆ!"

'ಆಗಲ್ಲ' ಎನ್ನಲು ಹೊರಟ. "ಆ... ಆಗ... ಆಗಲ್..."

"ಆಗಲಿ ಅಂತೆ! ಇನ್ನೇನಮ್ಮಾ ಬೇಕು ನಿಮಗೆ?"

ನಮ್ಮ ಮಾತಿನಲ್ಲಿ ಇಲ್ಲವೆನ್ನುವುದೆಲ್ಲ ಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. ಬಾಲದ ತನಕ ಹೋಗಲು ಆ ಬಡಪಾಯಿಯನ್ನು ಬಿಡುವವರು ಯಾರು? "ಸಂಜೆ ಬರ್ತೀನಿ, ದಿನ ಗೊತ್ತು ಮಾಡೋಣ," ಎಂದು ದೊಡ್ಡಮ್ಮ ಸೆರಗು ಕೊಡವಿ ಎದ್ದಳು. ಮಧ್ಯಾಹ್ನದೊಳಗೆ ಮದುವೆಯ ಸುದ್ದಿ ಬೀದಿ ತುಂಬಿತು.

ದರ್ಜಿಗೆ ಉಳಿದಿದ್ದು ಒಂದೇ ದಾರಿ. ಯಾರ ಮುಖವನ್ನೂ ನೋಡದೆ, ಹೊಲಿಗೆ ಯಂತ್ರ ತುಳಿಯುತ್ತ, ಅದರ ತಾಳಕ್ಕೆ ಮಾತಾಡಿದರೆ ಅವನ ನಾಲಿಗೆ ಜಾರುಬಂಡೆಯ ಮೇಲಿನ ಮಗುವಿನಂತೆ ಸುಯ್ಯೆಂದು ಇಳಿಯುತ್ತಿತ್ತು. ಮಧ್ಯಾಹ್ನವೆಲ್ಲ ಅಭ್ಯಾಸ ಮಾಡಿದ. ಆ ಭರದಲ್ಲಿ ಯಾರದೋ ಪ್ಯಾಂಟಿನ ಎರಡೂ ಕಾಲು ಸೇರಿ ಒಂದಾದವು.

ಸಂಜೆ ಬಾಗಿಲಲ್ಲಿ ನೆರಳು ಬಿತ್ತು. ಯಂತ್ರದ ಗಡಗಡದ ನಡುವೆ ಹೆಣ್ಣುದನಿಯೊಂದು ಕೇಳಿತು. "ಬೀದಿಯೋರ ಮಾತು ಬಿಡು. ಬೇಕೋ, ಬೇಡ್ವೋ? ನಿನ್ನ ಬಾಯಲ್ಲೇ ಕೇಳ್ಬೇಕು ನಾನು."

ತಲೆಯೆತ್ತಿದರೆ ಕೆಟ್ಟಿತು. ಸೂಜಿಯಲ್ಲೇ ಕಣ್ಣು ನೆಟ್ಟು ರಭಸವಾಗಿ ತುಳಿದ.

"ಬೇಡ! ಯಾರೇನೇ ಹೇಳಲಿ, ಈ ಸಂಬಂಧ ನನಗೆ ಬೇಡವೇ ಬೇಡ!"

ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು ಮಾತು. ಇಸ್ತ್ರಿಯವನು ಚಪ್ಪಾಳೆಯನ್ನೇ ತಟ್ಟಿಬಿಟ್ಟ. ಗೆದ್ದ ಖುಷಿಯಲ್ಲಿ ದರ್ಜಿ ತಲೆಯೆತ್ತಿದ.

ಎದುರಿಗೆ ನಿಂತಿದ್ದವಳು ಔಷಧಿ ಅಂಗಡಿಯ ಹುಡುಗಿ.

"ಪರವಾಗಿಲ್ವೇ, ನಾನು ಬೇಡ ಅನ್ನೋಕೆ ಒಂದ್ಸಲಾನೂ ತಡವರಿಸಲಿಲ್ಲ," ಎಂದವಳೇ ಸರ್ರನೆ ತಿರುಗಿ ನಡೆದಳು.

"ನೀ... ನೀ... ನೀ..." ಎನ್ನುತ್ತ ದರ್ಜಿ ಬೀದಿಗೆ ಓಡಿದ.

"ಯಾರಾದ್ರೂ ನೀರು ತನ್ರೋ!" ಇಸ್ತ್ರಿಯವನು ಕೂಗಿದ. "ಪಾಪ, ಅಷ್ಟೊಂದು ಮಾತಾಡಿ ಗಂಟಲೊಣಗಿದೆ!"