ರಾಮಸಾಗರದ ಬೇವಿನ ಮರದ ಬಳಿ ನನ್ನನ್ನು ಹಿಡಿದ ಕರಡಿಯವರಿಗೆ

ಮಾನ್ಯ ಕರಡಿಯವರೇ,

ಹೊಸಪೇಟೆ ಚಿತ್ತವಾಡ್ಗಿಯ ನಿವಾಸಿ, ಕಂಪ್ಲಿಯ ಪ್ರೌಢಶಾಲೆಯೊಂದರ ಗುಮಾಸ್ತೆ ಪಂಪಾವತಿ ಎಂಬ ನಾನು, ಮೊಬೈಲಿನ ಓಟದ ಆಟದಲ್ಲಿ ದಣಿವೆಂಬುದನ್ನೇ ಅರಿಯದೆ ಬೆನ್ನಟ್ಟುವ ತಮ್ಮ ಪಾದಗಳಿಗೆ, ಉಗುರುಗಳನ್ನೂ ಸೇರಿಸಿ, ನಮಸ್ಕರಿಸಿ ಬರೆಯುವುದೇನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ದಿನಕ್ಕೆ ಹತ್ತು ಸಲ ಕಣ್ಣಾರೆ ಕಾಣುತ್ತಿದ್ದೇನೆ.

ಮೊದಲಿಗೆ ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಒಳ್ಳೆಯದಾಗದು. ನಮ್ಮ ಕಚೇರಿಯಲ್ಲಿ ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗಲು ಮೂರು ತಿಂಗಳು ಬೇಕು. ನನ್ನ ಓಟಗಾರ ಒಂದು ಬಂಡೆಗೆ ಎಡವಿದರೆ ಸಾಕು, ತಾವು ಅದೇ ಕ್ಷಣ ಹಾಜರಿರುತ್ತೀರಿ. ರಜೆಯನ್ನೂ ಹಾಕುವುದಿಲ್ಲ.

ಇನ್ನು ನನ್ನ ಅಹವಾಲು. ಬೆಳಗಿನ ಕಂಪ್ಲಿ ಬಸ್ಸಿನಲ್ಲಿ ನನ್ನ ಜೊತೆ ಕೂರುವವರು ನರ್ಸ್ ತಾಯಕ್ಕನವರು. ಶನಿವಾರದ ಪ್ರಯಾಣದಲ್ಲಿ ಯಾರ ಸ್ಕೋರ್ ಹೆಚ್ಚೋ, ಮುಂದಿನ ವಾರವೆಲ್ಲ ಬಿಸಿಲು ಬೀಳದ ಕಡೆಯ ಕಿಟಕಿ ಸೀಟು ಅವರದು ಎಂಬುದು ನಮ್ಮಿಬ್ಬರ ಕರಾರು. ಹನ್ನೊಂದು ವಾರಗಳಿಂದ ಗಾಳಿಯೆಲ್ಲ ತಾಯಕ್ಕನವರಿಗೆ, ನಿಂತವರ ಮೊಣಕೈಗಳೆಲ್ಲ ನನಗೆ. ಈ ಬೇಸಿಗೆಯಲ್ಲಿ ಇದು ಸಣ್ಣ ಸಂಗತಿಯಲ್ಲವೆಂದು, ಮೈತುಂಬ ಕೂದಲು ಹೊತ್ತ ತಮಗೆ ಬಿಡಿಸಿ ಹೇಳಬೇಕಿಲ್ಲ.

ಸ್ಕೋರ್ ಹೆಚ್ಚಿಸುವ ವಿಡಿಯೋಗಳನ್ನೆಲ್ಲ ನೋಡಿ, ನೋಟ ದೂರವಿರಲಿ, ಬೆರಳು ಹಗುರವಿರಲಿ, ಕವಚವನ್ನು ಕೊನೆಗೆ ಉಳಿಸಿಕೊಳ್ಳಿ ಎಂಬ ಪಾಠಗಳನ್ನು ಬಾಯಿಪಾಠ ಮಾಡಿದೆ. ಆದರೆ ಆ ಪಂಡಿತರಾರೂ ನಮ್ಮ ದಾರಿಯಲ್ಲಿ ಬಂದವರಲ್ಲ. ಮಲಪನಗುಡಿ, ಕಮಲಾಪುರ ಎಂದು ಸಾಗುವ ಈ ರಸ್ತೆಯಲ್ಲಿ ಗುಡಿ ತಪ್ಪಿದರೆ ಕಟ್ಟೆ, ಕಟ್ಟೆ ತಪ್ಪಿದರೆ ಗುಡಿ. ಗುಡಿ ಕಂಡ ಕೂಡಲೇ ನನ್ನ ಕೈಗಳು ನನ್ನನ್ನು ಕೇಳದೆಯೇ ಮುಗಿದುಕೊಳ್ಳುತ್ತವೆ. ಎರಡು ಹೆಬ್ಬೆರಳೂ ಮೊಬೈಲು ಬಿಟ್ಟು ಎದೆಯ ಬಳಿ ಬಂದವೆಂದರೆ ಓಟಗಾರ ಬಂಡೆಗೆ, ತಾವು ಓಟಗಾರನ ಮೇಲೆ.

ಕಳೆದ ಶನಿವಾರ ರಾಮಸಾಗರದ ಬೇವಿನ ಮರದಡಿಯ ಅಮ್ಮನಿಗೆ ಐದು ತೆಂಗಿನಕಾಯಿ ಹರಕೆ ಹೊತ್ತೇ ಬಸ್ಸು ಹತ್ತಿದೆ. ಉಳಿದ ದೇವರಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿ, ಬರೀ ತಲೆಯಾಡಿಸಿ ಮುಂದೆ ಸಾಗಿದೆ. ತಾಯಕ್ಕನವರನ್ನು ದಾಟಲು ಇನ್ನು ಮೂರೇ ಮೂರು ಜಿಗಿತ ಉಳಿದಿದ್ದಾಗ ಬೇವಿನ ಮರ ಬಂತು. ಹರಕೆ ಹೊತ್ತ ತಾಯಿಗೆ ತಲೆಯಾಡಿಸಿದರೆ ನಡೆದೀತೇ? ಕೈಮುಗಿದೆ. ತಾವು ಬಂದಿರಿ. ಆಗ ತಾಯಕ್ಕನವರು ಕಣ್ಣೆತ್ತದೆ, ಪ್ರತಿ ಗುಡಿಯ ಮುಂದೆಯೂ ಹೇಳುವಂತೆ, "ಮೇಡಂ, ನಂದೂ ಒಂದು ಸೇರಿಸಿ ಮುಗೀರಿ" ಎಂದರು. ಹನ್ನೊಂದು ವಾರಗಳಿಂದ ಅವರ ಭಕ್ತಿಯೂ ನನ್ನ ಕೈಯಿಂದಲೇ ಸಲ್ಲುತ್ತಿದೆ, ಅವರ ಹೆಬ್ಬೆರಳು ಮೊಬೈಲು ಬಿಟ್ಟೇ ಇಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಅಳು ಬಂತು ಕರಡಿಯವರೇ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಬಣ್ಣ, ನಡಿಗೆ ನೋಡಿದರೆ ತಾವು ಕರಡಿಧಾಮವಿರುವ ನಮ್ಮ ದರೋಜಿ ಗುಡ್ಡದ ಕಡೆಯವರೇ ಇರಬೇಕು, ಹಿರಿಯರು ತಮಗೂ ದೇವರು ದಿಂಡರೆಂದು ಕಲಿಸಿಯೇ ಇರುತ್ತಾರೆ. ಗುಡಿ ಬಂದಾಗ ತಾವೂ ಒಂದು ಗಳಿಗೆ ನಿಂತು, ಮುಂಗಾಲು ಜೋಡಿಸಿ ಕೈಮುಗಿಯುವಂಥವರಾಗಬೇಕು. ಆಮೇಲೆ ಬೇಕಾದರೆ ಇಬ್ಬರೂ ಸೇರಿಯೇ ಓಡೋಣ.

ತಮ್ಮ ಪಂಜಕ್ಕೆ ತಪ್ಪದೆ ಸಿಗುತ್ತಿರುವ,
ತಮ್ಮ ವಿಶ್ವಾಸಿ,
ಪಂಪಾವತಿ

ತಾ.ಕ.: ಅವರವರ ನಮಸ್ಕಾರ ಅವರವರೇ ಮಾಡಿಕೊಳ್ಳಬೇಕೆಂದು ಇಂದು ತಾಯಕ್ಕನವರಿಗೆ ಖಡಾಖಂಡಿತವಾಗಿ ತಿಳಿಸಿದೆ. ಅವರು ಕೊಂಚವೂ ಬೇಸರಿಸದೆ, ಪಕ್ಕದಲ್ಲಿ ನಿಂತಿದ್ದ ಹೂವಿನ ಹೊಳೆಮ್ಮನಿಗೆ, "ಯಕ್ಕಾ, ನಂದೂ ಒಂದು" ಎಂದರು. ಮುಗಿಯಲು ಎರಡೂ ಕೈ ಬೇಕಲ್ಲ, ಹೊಳೆಮ್ಮ ಹೂವಿನ ಬುಟ್ಟಿಯನ್ನು ತಂದು ನನ್ನ ತೊಡೆಯ ಮೇಲೆ, ಮೊಬೈಲಿನ ಮೇಲೆಯೇ ಇಟ್ಟಳು. ಇಂದು ತಾವು ನನ್ನನ್ನು ಹಿಡಿದದ್ದನ್ನು ನಾನು ನೋಡಲಿಲ್ಲ. ಬುಟ್ಟಿಯ ಕೆಳಗಿನಿಂದ ತಮ್ಮ ಗರ್ಜನೆಯಷ್ಟೇ ಕೇಳಿಸಿತು.